ಕ್ರೀಡಾಪಟುವಿನ ಹೃದಯಪರೀಕ್ಷೆಯ ವಿಕಾಸ

1899ರಲ್ಲಿ ಸ್ವೀಡನ್ನಿನ ಉಪ್ಸಾಲಾ ನಗರದ ವೈದ್ಯ ಹೆನ್ಶೆನ್ ಎಂಬಾತನು ಸ್ಕೀಯಿಂಗ್ ಸ್ಪರ್ಧಾಳುಗಳ ಎದೆಯನ್ನು ಬೆರಳಿನಿಂದ ತಟ್ಟಿ, ನಾದಭೇದದಿಂದಲೇ ಅವರ ಹೃದಯವು ಹಿಗ್ಗಿರುವುದನ್ನರಿತು, ಆ ಹಿಗ್ಗು ರೋಗವಲ್ಲ, ಶ್ರಮವು ತಂದಿತ್ತ ಬಲವೆಂದು ನಿರ್ಣಯಿಸಿದನು. ಆದರೆ ಇಂತಹ ವೃದ್ಧಿಯನ್ನು ವ್ಯಾಧಿಜನ್ಯ ವೃದ್ಧಿಯಿಂದ ಬೇರ್ಪಡಿಸುವುದೆಂತೆಂಬ ಪ್ರಶ್ನೆಯು ಅಂದಿನಿಂದಲೂ ಕ್ರೀಡಾವೈದ್ಯದ ಬೆನ್ನು ಬಿಟ್ಟಿಲ್ಲ. ಐಂಥೋವನ್ನನ ಇಸಿಜಿ ಯಂತ್ರವೂ, 1953ರಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಲುಂಡ್ ನಗರದಲ್ಲಿ ಆರಂಭಿಸಿದ ಶ್ರವಣಾತೀತ ಧ್ವನಿಪರೀಕ್ಷೆಯೂ ಆ ಶೋಧನೆಗೆ ಕಣ್ಣು ಕೊಟ್ಟವು. 1958ರಲ್ಲಿ ಲಂಡನ್ನಿನ ಟೀರ್ ಎಂಬ ಶವಪರೀಕ್ಷಕನು, ಹಠಾತ್ತನೆ ಮಡಿದ ತರುಣರ ಹೃದಯಭಿತ್ತಿಯು ವಿಷಮವಾಗಿ ದಪ್ಪಗಟ್ಟಿದ್ದುದನ್ನು ವರ್ಣಿಸಿ, ಹುಡುಕತಕ್ಕ ಶತ್ರುವಿನ ಸ್ವರೂಪವನ್ನು ತೋರಿದನು.

ಈ ಜ್ಞಾನವನ್ನು ಶಾಸನಕ್ಕೆ ತಂದ ಮುಖ್ಯ ರಾಷ್ಟ್ರ ಇಟಲಿ. 1982ರ ಆಜ್ಞೆಯ ಪ್ರಕಾರ, ಸ್ಪರ್ಧೆಗಿಳಿಯುವ ಪ್ರತಿಯೊಬ್ಬನೂ ಮನೆತನದ ರೋಗವೃತ್ತಾಂತವನ್ನು ತಿಳಿಸಿ, ದೇಹಪರೀಕ್ಷೆಗೂ ಇಸಿಜಿಗೂ ಒಳಗಾಗಿ, ವೈದ್ಯರ ಅರ್ಹತಾಪತ್ರವನ್ನು ಪಡೆಯಬೇಕಾಯಿತು. ಪಾದುವಾ ನಗರದ ಕೊರಾಡೊ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವರದಿಯಂತೆ, ವೆನೆತೊ ಪ್ರಾಂತದ ತರುಣ ಕ್ರೀಡಾಪಟುಗಳಲ್ಲಿ ಹಠಾತ್ ಹೃದಯಮರಣವು ವರ್ಷಕ್ಕೆ ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿದಿದ್ದಿತು. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ಪಾದುವಾದಲ್ಲಿ ಪರೀಕ್ಷಿತರಾದ 42,386 ಮಂದಿಯಲ್ಲಿ ನೂರಕ್ಕೆ 9ರಷ್ಟು ಜನರು ಮರುಪರೀಕ್ಷೆಗೆ ಹೋಗಬೇಕಾಯಿತು, ನೂರಕ್ಕೆ 2ರಷ್ಟು ಜನರಿಗೆ ಸ್ಪರ್ಧೆಯೇ ನಿಷಿದ್ಧವಾಯಿತು.

ಇಟಲಿಗೆ ವ್ಯತಿರಿಕ್ತವಾಗಿ, ಅಮೆರಿಕದ ಹೃದಯಸಂಘವು 1996ರಲ್ಲಿ ಪ್ರಶ್ನಾವಳಿ ಮತ್ತು ದೇಹಪರೀಕ್ಷೆಗಳೇ ಸಾಕೆಂದಿತು. ಜರಡಿಯ ಕಣ್ಣು ಅತಿ ಕಿರಿದಾದರೆ ಒಳ್ಳೆಯ ಕಾಳೂ ಕೆಳಗಿಳಿಯದೆಂಬಂತೆ, ಲಕ್ಷಾಂತರ ನಿರೋಗಿಗಳನ್ನು ವೃಥಾ ಭೀತಿಗೀಡುಮಾಡಬಾರದೆಂಬುದು ಆ ಸಂಘದ ವಾದವಾಗಿದ್ದಿತು. ಇಸಿಜಿಯನ್ನು 1997ರ ಶಾಸನದಿಂದ ಕಡ್ಡಾಯಗೊಳಿಸಿದ ಇಸ್ರೇಲಿನಲ್ಲಿ ಮರಣಪ್ರಮಾಣವು ಬದಲಾಗಲಿಲ್ಲವೆಂದು 2011ರ ಅಧ್ಯಯನವು ತಿಳಿಸಿದಾಗ ವಿವಾದವು ಮತ್ತಷ್ಟು ಬಿಸಿಯಾಯಿತು. ಇದರಿಂದಾದ ಲಾಭವೆಂದರೆ, ಇಸಿಜಿಯ ರೇಖೆಯನ್ನು ಓದುವ ವಿದ್ಯೆಯೇ ಪರಿಷ್ಕಾರಗೊಂಡಿತು: 2010ರ ಯೂರೋಪಿನ ಸೂತ್ರಗಳಿಂದ 2013ರ ಸಿಯಾಟಲ್ ನಿಯಮಗಳಿಗೂ, ಅಲ್ಲಿಂದ 2017ರ ಅಂತರರಾಷ್ಟ್ರೀಯ ಮಾನದಂಡಗಳಿಗೂ ಸಾಗುತ್ತ, ಮಂದಗತಿಯ ನಾಡಿಯೇ ಮೊದಲಾದ ಅಭ್ಯಾಸಜನ್ಯ ಲಕ್ಷಣಗಳನ್ನು ರೋಗಲಕ್ಷಣಗಳಿಂದ ಬಿಡಿಸಿ, ಸುಳ್ಳು ಶಂಕೆಗಳನ್ನು ಕುಗ್ಗಿಸಲಾಯಿತು.

ಆದರೂ ಅರ್ಹತಾಪತ್ರವು ಅಭಯಪತ್ರವಲ್ಲ. ಇಂಗ್ಲೆಂಡಿನ 11,168 ಕಿರಿಯ ಫುಟ್ಬಾಲ್ ಆಟಗಾರರನ್ನು ಕುರಿತ 2018ರ ಅಧ್ಯಯನದಲ್ಲಿ 42 ಮಂದಿಯಲ್ಲಿ ಮಾರಕ ವ್ಯಾಧಿಗಳು ಪತ್ತೆಯಾದುವು. ಆದರೆ ಮುಂದೆ ಹೃದಯಸ್ತಂಭನದಿಂದ ಮಡಿದ 8 ಮಂದಿಯಲ್ಲಿ 6 ಮಂದಿಯ ಪರೀಕ್ಷೆಯು ನಿರ್ದೋಷವಾಗಿದ್ದಿತು. ಇಟಲಿಯ ಇಂಟರ್ ಫುಟ್ಬಾಲ್ ತಂಡದಲ್ಲಿ ಆಡುತ್ತಿದ್ದ ಡೆನ್ಮಾರ್ಕಿನ ಎರಿಕ್ಸನ್, 2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಮೈದಾನದಲ್ಲಿ ಕುಸಿದಾಗ, ಅವನನ್ನು ಉಳಿಸಿದುದು ತತ್‌ಕ್ಷಣದ ಎದೆಯೊತ್ತುವಿಕೆಯೂ ವಿದ್ಯುದಾಘಾತ ಚಿಕಿತ್ಸೆಯೂ ಆಗಿದ್ದುವು. ಮುಂದೆ ದೇಹದೊಳಗೆ ಹೃದಯರಕ್ಷಕ ಡಿಫಿಬ್ರಿಲೇಟರ್ ಯಂತ್ರವನ್ನು ಧರಿಸಿದ ಅವನಿಗೆ ಇಟಲಿಯ ನಿಯಮಗಳು ಆಟವನ್ನು ನಿರಾಕರಿಸಿದುವು. ಇಂಗ್ಲೆಂಡಿನಲ್ಲಿ ಅವನು 2022ರಲ್ಲಿ ಪುನಃ ಆಡಿದನು.

ಒಂದೇ ಹೃದಯಕ್ಕೆ ಎರಡು ದೇಶಗಳಲ್ಲಿ ಎರಡು ತೀರ್ಪುಗಳು ಸಂದುದನ್ನು ನೋಡಿದರೆ, ಅಪಾಯವನ್ನು ಅಳೆಯುವುದು ವೈದ್ಯಶಾಸ್ತ್ರದ ಕಾರ್ಯವಾದರೂ, ಎಷ್ಟು ಅಪಾಯವನ್ನು ಸಹಿಸಬಹುದೆಂಬುದನ್ನು ಸಮಾಜವೂ ಆಟಗಾರನೂ ಕೂಡಿ ನಿಶ್ಚಯಿಸಬೇಕಾಗುವುದೆಂಬುದು ಸ್ಪಷ್ಟ. ಪೂರ್ವಪರೀಕ್ಷೆಯು ಕೆಲವರನ್ನು ಮುಂಚೆಯೇ ಗುರುತಿಸೀತು. ಅದರ ಕಣ್ತಪ್ಪಿದವರಿಗಾಗಿ ಪ್ರತಿ ಮೈದಾನದಲ್ಲಿಯೂ ಡಿಫಿಬ್ರಿಲೇಟರ್ ಯಂತ್ರವೂ ಅದನ್ನು ಬಳಸಬಲ್ಲವರೂ ಇರತಕ್ಕದ್ದು.