ಬೆನಗಲ್ ನರಸಿಂಗರಾಯರೂ ಕೈತಪ್ಪಿದ ವಿಶ್ವಪದವಿಯೂ

ಮಹಾಪದವಿಗಳು ಯೋಗ್ಯತೆಯನ್ನನುಸರಿಸಿ ಲಭಿಸುವುವೆಂದು ಶಾಲೆಗಳಲ್ಲಿ ಬೋಧಿಸುತ್ತ ಬಂದವರಲ್ಲಿ ನಾನೂ ಒಬ್ಬನು. ಆದರೆ ಇತಿಹಾಸವನ್ನು ಪರಿಶೀಲಿಸಿದರೆ, ಯೋಗ್ಯತೆಯು ಮನುಷ್ಯನನ್ನು ಬಾಗಿಲವರೆಗೆ ಮಾತ್ರ ಕರೆತರುವುದೆಂದೂ, ಒಳಗೆ ಬಿಡುವುದು ದ್ವಾರಪಾಲಕರ ಇಚ್ಛೆಯೆಂದೂ ತಿಳಿದುಬರುತ್ತದೆ. 1950ನೆಯ ಇಸವಿಯ ಒಂದು ಪ್ರಸಂಗವು ಇದಕ್ಕೆ ನಿದರ್ಶನವಾಗಿದೆ. ಅದು ನಮ್ಮ ಕರಾವಳಿಗೆ ಸಂಬಂಧಪಟ್ಟುದೂ ಅಹುದು.

ಸರ್ ಬೆನಗಲ್ ನರಸಿಂಗರಾಯರು 1887ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ಭಾರತದ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದು, ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಮಹನೀಯರು ಇವರೇ. ಅನಂತರ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಗಳಾದರು. 1950ರ ಜೂನಿನಲ್ಲಿ ಕೊರಿಯಾ ಯುದ್ಧವು ಹೊತ್ತಿಕೊಂಡಾಗ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರೂ ಅವರೇ.

ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯನ್ನು ಮಹಾಸಭೆಯು ನೇಮಿಸುವುದಾದರೂ, ಅದಕ್ಕೆ ಭದ್ರತಾ ಮಂಡಲಿಯ ಶಿಫಾರಸು ಬೇಕು. ಅಲ್ಲಿ ಐದು ಖಾಯಂ ರಾಷ್ಟ್ರಗಳಲ್ಲಿ ಒಂದು ವೀಟೋ ಹಾಕಿದರೂ ಕಾರ್ಯವು ಕೆಡುವುದು. ನಾರ್ವೆಯ ಟ್ರಿಗ್ವೆ ಲೀಯವರ ಅವಧಿಯು 1951ರ ಆದಿಯಲ್ಲಿ ಮುಗಿಯುವುದರಲ್ಲಿದ್ದಿತು. ಕೊರಿಯಾ ವಿಷಯದಲ್ಲಿ ಅವರ ನಿಲುವಿನಿಂದ ಕ್ರುದ್ಧವಾದ ರಷ್ಯಾ ಅವರ ಪುನರ್ನೇಮಕವನ್ನು ವೀಟೋ ಮಾಡಿತು. ಮೆಕ್ಸಿಕೋದ ಪಡಿಲ್ಲಾ ನೆರ್ವೋ ಅವರ ಹೆಸರಿನೊಡನೆ ನಮ್ಮ ರಾಯರ ಹೆಸರೂ ಪ್ರಸ್ತಾಪಕ್ಕೆ ಬಂದಿತು. ಆದರೆ ಲೀಯವರ ಹೊರತು ಅನ್ಯರಾರನ್ನೂ ಒಪ್ಪೆವೆಂದು ಅಮೆರಿಕವು ಹಟ ಹಿಡಿಯಿತು. ಮಂಡಲಿಯು ನಿರ್ಣಯಕ್ಕೆ ಬಾರದಿರಲು, ನವೆಂಬರ್ 1ರಂದು ಮಹಾಸಭೆಯೇ 46 ಮತಗಳಿಂದ ಲೀಯವರ ಅವಧಿಯನ್ನು ಮೂರು ವರ್ಷ ವಿಸ್ತರಿಸಿತು.

ಇದರಿಂದ ನಷ್ಟವಾದುದು ಯಾರಿಗೆ? ರಾಯರಿಗಿಂತಲೂ ಸಂಸ್ಥೆಗೇ ಎಂದು ನನ್ನ ಅಭಿಪ್ರಾಯ. ರಷ್ಯಾ ಲೀಯವರನ್ನು ಪ್ರಧಾನ ಕಾರ್ಯದರ್ಶಿಯೆಂದು ಮನ್ನಿಸಲೇ ಇಲ್ಲ. ಉಭಯಪಕ್ಷಗಳೊಡನೆ ಮಾತನಾಡಬೇಕಾದವನೊಡನೆ ಒಂದು ಪಕ್ಷವು ಮಾತನ್ನೇ ಬಿಟ್ಟರೆ ಆ ಪದವಿಯಿಂದ ಪ್ರಯೋಜನವೇನು? 1952ರ ನವೆಂಬರಿನಲ್ಲಿ ಲೀಯವರು ರಾಜೀನಾಮೆಯನ್ನು ಪ್ರಕಟಿಸಿದರು.

1950ರ ಡಿಸೆಂಬರಿನಲ್ಲಿ ಕೊರಿಯಾದ ಯುದ್ಧವಿರಾಮಕ್ಕಾಗಿ ಮೂವರ ಸಮಿತಿಯು ರಚಿತವಾದಾಗ, ಇರಾನಿನ ಎಂತೆಜಾಮ್ ಮತ್ತು ಕೆನಡಾದ ಪಿಯರ್ಸನ್ನರೊಡನೆ ರಾಯರೂ ಅದರಲ್ಲಿದ್ದರು. 1953ರಲ್ಲಿ ಅದೇ ಪಿಯರ್ಸನ್ನರಿಗೆ 11ರಲ್ಲಿ 9 ಮತಗಳು ಬಂದರೂ ರಷ್ಯಾದ ವೀಟೋ ಅಡ್ಡವಾಯಿತು. ಸಂಧಿಗೆ ಬೇಕಾದವರು ಸಿಂಹಾಸನಕ್ಕೆ ಬೇಡವಾದರು. ಕಡೆಗೆ ಯಾರ ಕಣ್ಣಿಗೂ ಅಷ್ಟಾಗಿ ಬೀಳದಿದ್ದ ಸ್ವೀಡನ್ನಿನ ಹ್ಯಾಮರ್‌ಶೋಲ್ಡ್ ಆಯ್ಕೆಗೊಂಡು, ಎಲ್ಲರ ನಿರೀಕ್ಷೆಯನ್ನೂ ಮೀರಿದರೆಂಬುದು ಬೇರೆ ಮಾತು.

ರಾಯರು 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, 1953ರ ನವೆಂಬರ್ 30ರಂದು ದಿವಂಗತರಾದರು. ಕೈತಪ್ಪಿದ ಪದವಿಯಿಂದ ಅವರ ಕೀರ್ತಿಗೆ ಕುಂದಿಲ್ಲ. ಆದರೆ ಅವರ ಹೆಸರನ್ನೇ ಅರಿಯದ ಮಕ್ಕಳು ಅವರ ಜನ್ಮಭೂಮಿಯಲ್ಲಿಯೇ ಇದ್ದರೆ, ಆ ಕುಂದು ನಮ್ಮಂಥ ಉಪಾಧ್ಯಾಯರದು.