ಕಾಗದದ ಮೈಗೆ ತುಪ್ಪಳದ ಹೊದಿಕೆ

ಹಳೆಯ ಪತ್ರಿಕೆ, ಅಂಟು ಮತ್ತು ನೀರು: ಪೇಪರ್ ಮ್ಯಾಶೆ ಶಿಲ್ಪಕ್ಕೆ ಬೇಕಾಗುವ ಮೂಲ ಸಾಮಗ್ರಿ ಇಷ್ಟೇ. ಈ ಅಗ್ಗದ ವಸ್ತುವಿನಲ್ಲಿ ಪ್ರಾಣಿಯ ಆಕಾರವನ್ನು ಮೂಡಿಸುವುದಕ್ಕಿಂತಲೂ ಅದರ ತುಪ್ಪಳವನ್ನು ಮೂಡಿಸುವುದು ಕಷ್ಟದ ಕೆಲಸ. ಕೂದಲನ್ನು ಒಂದೊಂದಾಗಿ ಕೊರೆಯಹೊರಟವರ ತೋಳ ಕೊನೆಗೆ ಮುಳ್ಳುಹಂದಿಯಂತೆ ಕಾಣುವುದುಂಟು. ತುಪ್ಪಳಕ್ಕೆ ಸಹಜತೆ ಬರುವುದು ಕೂದಲು ಹರಿಯುವ ದಿಕ್ಕಿನಿಂದ ಹಾಗೂ ಅದು ಎಸಳು ಎಸಳಾಗಿ ಗುಂಪುಗೂಡುವ ರೀತಿಯಿಂದ.

ಕಿನ್ನಾಳದ ಕಿಟ್ಟ

ಕೊಪ್ಪಳ ಜಿಲ್ಲೆಗೆ ಈ ಬಗೆಯ ಮಿಶ್ರಣ ಹೊಸದಲ್ಲ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳ ಮೇಲೆ ‘ಕಿಟ್ಟ’ವೆಂಬ ಲೇಪವನ್ನು ಬಳಿಯುತ್ತಾರೆ. ನೆನೆಸಿದ ಸೆಣಬಿನ ಚಿಂದಿಯನ್ನು ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ ಹುಣಸೆಬೀಜದ ಅಂಟಿನೊಡನೆ ಕಲಸಿದರೆ ಕಿಟ್ಟ ಸಿದ್ಧ. ಅದರ ಮೇಲೆ ಹತ್ತಿಬಟ್ಟೆಯ ತುಂಡು, ಬಳಿಕ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ನಾರು ಮತ್ತು ಅಂಟಿನ ಈ ಕೂಡಿಕೆ ಪೇಪರ್ ಮ್ಯಾಶೆಯ ಹತ್ತಿರದ ಬಂಧು. ಆದರೆ ಕಿನ್ನಾಳದ ಗೊಂಬೆಯ ಮೈ ನುಣುಪು. ಪ್ರಾಣಿಯ ಮೈಗುರುತುಗಳನ್ನು ಅಲ್ಲಿ ಕುಂಚವೇ ತೋರಿಸಬೇಕು.

ಇದಕ್ಕೆ ತೀರ ವಿರುದ್ಧವಾದ ದಾರಿ ಮೈಸೂರಿನದು. ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮವನ್ನು ಹದಗೊಳಿಸಿ ನಿಲ್ಲಿಸುತ್ತಿದ್ದ ಅಲ್ಲಿನ ವ್ಯಾನ್ ಇಂಗೆನ್ ಸಂಸ್ಥೆ ಒಳಮೈಗೆ ಪೇಪರ್ ಮ್ಯಾಶೆಯನ್ನೇ ಬಳಸುತ್ತಿತ್ತು. ದೇಹ ಕಾಗದದ್ದು, ತುಪ್ಪಳ ಮಾತ್ರ ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಆ ಉದ್ಯಮ ಕ್ಷೀಣಿಸಿ, 1999ರಲ್ಲಿ ಸಂಸ್ಥೆ ಮುಚ್ಚಿತು. ಇಂದು ಕಾಡುಪ್ರಾಣಿಯ ರೂಪವನ್ನು ಶಾಲೆಗೋ ವಸ್ತುಸಂಗ್ರಹಾಲಯಕ್ಕೋ ತರಬೇಕೆಂದರೆ ತುಪ್ಪಳವನ್ನೂ ಕಾಗದದಲ್ಲೇ ಕಂಡುಕೊಳ್ಳುವುದು ಯೋಗ್ಯ ಮಾರ್ಗ.

ಮೊದಲು ದಿಕ್ಕು

ತಂತಿ ಮತ್ತು ಮುದುಡಿದ ಕಾಗದದಿಂದ ಕಟ್ಟುವ ಒಳಮೈ ಉದ್ದೇಶಿತ ಗಾತ್ರಕ್ಕಿಂತ ತುಸು ಸಣಕಲಾಗಿರಬೇಕು. ತುಪ್ಪಳದ ಪದರ ಸೇರಿದಾಗ ಮೈ ದಪ್ಪವಾಗುತ್ತದೆ. ಅದು ಒಣಗಿದ ಮೇಲೆ ಪೆನ್ಸಿಲಿನಿಂದ ಬಾಣದ ಗುರುತುಗಳನ್ನು ಹಾಕಿಕೊಳ್ಳುವುದು ಅಗತ್ಯ. ಸಾಮಾನ್ಯವಾಗಿ ಕೂದಲು ಮೂಗಿನಿಂದ ಹಣೆಯತ್ತ, ಕೊರಳಿನಿಂದ ಬಾಲದತ್ತ, ಭುಜದಿಂದ ಪಾದದತ್ತ ಹರಿಯುತ್ತದೆ. ಎರಡು ಹರಿವುಗಳು ಕೂಡುವೆಡೆ ಸುಳಿ ಮೂಡುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಬಯಲಲ್ಲಿ ಮೇಯುವ ದನ, ಕುರಿಗಳನ್ನು ಗಮನವಿಟ್ಟು ನೋಡಿದರೆ ಈ ಪಾಠ ಕಣ್ಣೆದುರೇ ಸಿಗುತ್ತದೆ.

ಮೂರು ವಿಧಾನ

ಗಿಡ್ಡ ಕೂದಲು: ಹಸು, ಕುದುರೆ, ಜಿಂಕೆಗಳ ಮೈಗೆ ನುಣ್ಣಗೆ ಅರೆದ ತಿರುಳಿನ ತೆಳು ಲೇಪ ಸಾಕು. ಲೇಪ ಅರೆ ಒಣಗಿದಾಗ ಗಡುಸು ಬ್ರಷ್ಷನ್ನು ಕೂದಲಿನ ದಿಕ್ಕಿನಲ್ಲಿ ಎಳೆಯಬೇಕು.

ಮಧ್ಯಮ ಕೂದಲು: ನಾಯಿ, ನರಿ, ತೋಳಗಳಿಗೆ ತಿರುಳಿನೊಡನೆ ಸೀಮೆಸುಣ್ಣದ ಪುಡಿ ಮತ್ತು ಅಂಟನ್ನು ಬೆರೆಸಿ ಕಣಕದ ಹದಕ್ಕೆ ತರಬೇಕು. ಎರಡು-ಮೂರು ಮಿಲಿಮೀಟರ್ ದಪ್ಪ ಹಚ್ಚಿ, ಬಾಚಣಿಗೆ ಅಥವಾ ಮುಳ್ಳುಚಮಚದಿಂದ ಗೀರಬೇಕು. ಗೀರುಗಳು ಒಂದೇ ಉದ್ದವಾಗಿದ್ದರೆ ಉತ್ತ ಹೊಲದಂತೆ ಕಾಣುತ್ತವೆ. ಅಲ್ಲಲ್ಲಿ ಮುರಿದು, ತುದಿಗಳು ಕೂಡುವಂತೆ ಮಾಡಿದರೆ ಎಸಳುಗಳು ಮೂಡುತ್ತವೆ.

ಉದ್ದ ಕೂದಲು: ಕರಡಿ, ಸಿಂಹದ ಕೇಸರಗಳಿಗೆ ಹರಿದ ಕಾಗದದ ಪಟ್ಟಿ ಅಥವಾ ಸೆಣಬಿನ ನಾರು ಸೂಕ್ತ. ಕತ್ತರಿಸಿದ ಅಂಚು ಚೂಪಾಗಿ ಎದ್ದು ಕಾಣುತ್ತದೆ. ಕೈಯಿಂದ ಹರಿದ ಅಂಚಿನಲ್ಲಿ ನಾರು ಹೊರಚಾಚಿ ಮೃದುವಾಗುತ್ತದೆ. ಮನೆಗೆ ಹೆಂಚು ಹೊದಿಸುವಂತೆ ಕೆಳಗಿನ ಸಾಲು ಮೊದಲು, ಮೇಲಿನದು ಅನಂತರ. ದರೋಜಿ ಧಾಮದ ಕರಡಿಯನ್ನು ಮಾದರಿಯಾಗಿಟ್ಟುಕೊಳ್ಳುವವರು ಕೊರಳು-ಭುಜದಲ್ಲಿ ಜೂಲು ಉದ್ದವೆಂಬುದನ್ನೂ, ಮಾಸಲು ಬಣ್ಣದ ಮೂತಿಯಲ್ಲಿ ಕೂದಲು ಗಿಡ್ಡವೆಂಬುದನ್ನೂ ಮರೆಯಬಾರದು.

ಬಣ್ಣ ಮತ್ತು ಬಾಳಿಕೆ

ಗಾಢ ಬಣ್ಣವನ್ನು ಮೊದಲು ಗೀರಿನ ಆಳಕ್ಕೆ ಇಳಿಸಿ, ಅದು ಒಣಗಿದ ಬಳಿಕ ಬಹುತೇಕ ಒಣ ಕುಂಚದಿಂದ ತಿಳಿಬಣ್ಣವನ್ನು ಉಬ್ಬುಗಳಿಗೆ ಸವರಿದರೆ ತುಪ್ಪಳಕ್ಕೆ ಆಳ ಬರುತ್ತದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ರಕ್ಷಣೆ ಪಡೆದಿರುವ ತೋಳದ ಕೂದಲು ಒಂದೇ ಬಣ್ಣದ್ದಲ್ಲ. ಬೂದು, ಕಂದು ಬೆರೆತು ಬೆನ್ನಿನ ಮೇಲೆ ಕಪ್ಪಿನ ಛಾಯೆ ಹೆಚ್ಚು. ಒಂದೇ ಡಬ್ಬಿಯ ಬಣ್ಣ ಬಳಿದರೆ ಗೀರಿದ ಶ್ರಮವೆಲ್ಲ ವ್ಯರ್ಥ.

ಅವಸರವೇ ಈ ಕೆಲಸದ ದೊಡ್ಡ ಶತ್ರು. ಒಳಪದರ ಹಸಿಯಿರುವಾಗಲೇ ಹೊರಪದರ ಹಚ್ಚಿದರೆ ಬೂಸಲು ಹಿಡಿಯುತ್ತದೆ. ಬಿರುಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ನೆರಳು ಮತ್ತು ಗಾಳಿಯಲ್ಲಿ ಪದರ ಪದರವಾಗಿ ಒಣಗಿಸುವುದೇ ಕ್ಷೇಮ. ಹುಳದ ಕಾಟಕ್ಕೆ ಅಂಟಿನಲ್ಲಿ ಮೈಲುತುತ್ತ ಬೆರೆಸುವ ರೂಢಿಯಿದೆ. ಅದು ವಿಷವಾದ್ದರಿಂದ ಮಕ್ಕಳ ಕೈಗೆ ಸಿಗುವ ಗೊಂಬೆಗಳಿಗೆ ಸಲ್ಲದು. ಪೂರ್ಣ ಒಣಗಿದ ಶಿಲ್ಪಕ್ಕೆ ಹೊಳಪಿಲ್ಲದ ವಾರ್ನಿಷ್ ಬಳಿದರೆ ತೇವ ತಡೆಯುತ್ತದೆ, ತುಪ್ಪಳವೂ ಸಹಜವಾಗಿಯೇ ಉಳಿಯುತ್ತದೆ.