ವರ್ತುಲ ರೈಲು ಮತ್ತು ಕಾಯುವವರ ಲೆಕ್ಕ



ಲಂಡನ್ನಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. “ಸಾರ್, ಇಲ್ಲಿಯ ನೆಲದಡಿಯ ರೈಲು ಒಮ್ಮೊಮ್ಮೆ ನಿಲ್ದಾಣಕ್ಕೆ ಬಂದು ಸುಮ್ಮನೆ ನಿಂತುಬಿಡುತ್ತದೆ. ಸಂಚಾರವನ್ನು ಕ್ರಮಗೊಳಿಸಲು ತಡೆದಿದ್ದೇವೆ ಎಂದು ಪ್ರಕಟಣೆ ಬರುತ್ತದೆ. ಸರಿಯಾಗಿ ಓಡುತ್ತಿರುವ ರೈಲನ್ನು ತಡೆದರೆ ಸಂಚಾರ ಸುಧಾರಿಸುವುದು ಹೇಗೆ?” ಪ್ರಶ್ನೆ ಸಣ್ಣದೇ. ಆದರೆ ಅದರ ಹಿಂದೆ ದೀರ್ಘವಾದ ಚರಿತ್ರೆಯಿದೆ, ಒಂದಿಷ್ಟು ಗಣಿತವಿದೆ, ನ್ಯಾಯಾನ್ಯಾಯದ ವಿಚಾರವೂ ಇದೆ. ಲಂಡನ್ನಿನ ವರ್ತುಲ ಮಾರ್ಗ, ಅಂದರೆ ಸರ್ಕಲ್ ಲೈನ್, ಇದಕ್ಕೆ ಒಳ್ಳೆಯ ಉದಾಹರಣೆ.

ಜಗತ್ತಿನ ಮೊದಲ ನೆಲದಡಿಯ ರೈಲು ಮಾರ್ಗ 1863ರ ಜನವರಿ 10ರಂದು ಲಂಡನ್ನಿನ ಪ್ಯಾಡಿಂಗ್ಟನ್ ಮತ್ತು ಫ್ಯಾರಿಂಗ್ಡನ್ ನಡುವೆ ಆರಂಭವಾಯಿತು. ಅದನ್ನು ನಡೆಸಿದ್ದು ಮೆಟ್ರೊಪಾಲಿಟನ್ ಎಂಬ ಕಂಪನಿ. ಮುಂದೆ ಡಿಸ್ಟ್ರಿಕ್ಟ್ ಎಂಬ ಇನ್ನೊಂದು ಕಂಪನಿ ನಗರದ ದಕ್ಷಿಣ ಭಾಗದಲ್ಲಿ ಹಳಿ ಹಾಕಿತು. ಎರಡು ಕಂಪನಿಗಳಿಗೂ ಪರಸ್ಪರ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಅವು 1884ರ ಅಕ್ಟೋಬರ್‌ನಲ್ಲಿ ತಮ್ಮ ಹಳಿಗಳನ್ನು ಕೂಡಿಸಿ ನಗರದ ಸುತ್ತ ಪೂರ್ಣ ವರ್ತುಲವೊಂದನ್ನು ರಚಿಸಿದವು.

ನಕ್ಷೆಯಲ್ಲಿ ಇಷ್ಟು ಸುಂದರವಾಗಿ ಕಂಡದ್ದು ನಡೆಸಲು ಹೊರಟಾಗ ಕಷ್ಟವಾಯಿತು. ಗಂಟೆಗೆ ಎಂಟು ರೈಲುಗಳು, ಸುಮಾರು 13 ಮೈಲಿಯ ಒಂದು ಸುತ್ತಿಗೆ 81ರಿಂದ 84 ನಿಮಿಷ ಎಂದು ಮೊದಲು ಗೊತ್ತುಮಾಡಿದ್ದರು. ಅದು ನಡೆಯಲಿಲ್ಲ. 1885ರಲ್ಲಿ ಗಂಟೆಗೆ ಆರು ರೈಲುಗಳಿಗೆ ಇಳಿಸಿ, ಸುತ್ತಿಗೆ 70 ನಿಮಿಷವೆಂದು ಬದಲಾಯಿಸಿದರು. ಮೊದಮೊದಲು ಗಾರ್ಡುಗಳಿಗೆ ಪಾಳಿಯ ನಡುವೆ ವಿಶ್ರಾಂತಿಯೇ ಇರಲಿಲ್ಲ. 1885ರ ಸೆಪ್ಟೆಂಬರ್‌ನಲ್ಲಷ್ಟೇ ತಲಾ 20 ನಿಮಿಷಗಳ ಮೂರು ವಿರಾಮಗಳು ದೊರೆತವು. 1905ರಲ್ಲಿ ಉಗಿ ಯಂತ್ರಗಳು ಹೋಗಿ ವಿದ್ಯುತ್ ಬಂದ ಮೇಲೆ ಸುತ್ತು 50 ನಿಮಿಷಕ್ಕೆ ಇಳಿಯಿತು. ವೇಗ ಹೆಚ್ಚಿತು, ಮೂಲದ ದೋಷ ಮಾತ್ರ ಉಳಿಯಿತು.

ಆ ದೋಷವೇನು? ವರ್ತುಲಕ್ಕೆ ಕೊನೆಯ ನಿಲ್ದಾಣವಿಲ್ಲ. ಸಾಮಾನ್ಯ ಮಾರ್ಗದ ರೈಲು ಕೊನೆಯ ನಿಲ್ದಾಣದಲ್ಲಿ ಕೆಲವು ನಿಮಿಷ ಬಿಡುವಾಗಿ ನಿಲ್ಲುತ್ತದೆ. ತಡವಾಗಿ ಬಂದಿದ್ದರೆ ಆ ಬಿಡುವನ್ನು ಕಡಿಮೆ ಮಾಡಿಕೊಂಡು ಮತ್ತೆ ಸರಿಯಾದ ವೇಳೆಗೆ ಹೊರಡುತ್ತದೆ. ವರ್ತುಲದಲ್ಲಿ ಸುತ್ತುವ ರೈಲಿಗೆ ಅಂಥ ಬಿಡುವಿಲ್ಲ. ಒಮ್ಮೆ ಆದ ತಡ ಗಾಣದ ಎತ್ತಿನಂತೆ ಅದರೊಂದಿಗೇ ಸುತ್ತುತ್ತದೆ. ಸಾಲದ್ದಕ್ಕೆ, ಸರ್ಕಲ್ ಲೈನಿನ ಬಹುತೇಕ ಹಳಿಗಳನ್ನು ಬೇರೆ ಮಾರ್ಗಗಳ ರೈಲುಗಳೂ ಬಳಸುತ್ತವೆ. ಅದಕ್ಕೆ ಸ್ವಂತವಾಗಿ ಉಳಿದದ್ದು ಎರಡು ಸಣ್ಣ ತುಂಡುಗಳು ಮಾತ್ರ. ಹೀಗಾಗಿ ಪರರ ತಡವೂ ಇದರ ತಲೆಯ ಮೇಲೆ ಬೀಳುತ್ತದೆ.

ತಡವೆಂಬುದು ತನ್ನಷ್ಟಕ್ಕೆ ತಾನೇ ಬೆಳೆಯುವ ವಸ್ತು. ಇದನ್ನು ಬಹಳ ಹಿಂದೆಯೇ ಸ್ಪಷ್ಟವಾಗಿ ವಿವರಿಸಿದವರಲ್ಲಿ ಜಪಾನಿನ ಭೌತವಿಜ್ಞಾನಿ ತೆರಾದಾ ತೋರಾಹಿಕೊ ಒಬ್ಬರು. ಅವರು ಟೋಕಿಯೊದ ಜಿಂಬೋಚೋ ಎಂಬಲ್ಲಿ ಗಡಿಯಾರ ಹಿಡಿದು ನಿಂತು, ಬಂದುಹೋಗುವ ಟ್ರಾಮುಗಳ ವೇಳೆಯನ್ನೂ ಜನದಟ್ಟಣೆಯನ್ನೂ ಗುರುತಿಸಿಕೊಂಡು, 1922ರಲ್ಲಿ ಒಂದು ಪ್ರಬಂಧ ಬರೆದರು. ಅವರ ತರ್ಕ ಸರಳ. ಸ್ವಲ್ಪ ತಡವಾದ ವಾಹನಕ್ಕಾಗಿ ಹೆಚ್ಚು ಜನ ಸೇರಿರುತ್ತಾರೆ. ಅವರು ಹತ್ತಿ ಇಳಿಯುವಷ್ಟರಲ್ಲಿ ಅದು ಇನ್ನೂ ತಡವಾಗುತ್ತದೆ. ಹಿಂದಿನ ವಾಹನಕ್ಕೆ ಜನ ಕಡಿಮೆ, ಆದ್ದರಿಂದ ಅದು ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಬಸ್ಸಿಲ್ಲದೆ ಆಮೇಲೆ ಮೂರು ಬಸ್ಸು ಒಟ್ಟಿಗೆ ಬರುವ ನಮ್ಮೂರಿನ ಅನುಭವವೂ ಇದೇ.

ಸ್ವಾತಂತ್ರ್ಯ ದಿನದ ಪಥಸಂಚಲನ ನಿಮಗೆ ನೆನಪಿರಬಹುದು. ಸಾಲಿನ ನಡುವಿನ ಹುಡುಗ ಹಿಂದೆ ಬಿದ್ದರೆ ಡ್ರಿಲ್ ಮಾಸ್ತರರು ಮುಂದಿನವರಿಗೆ ನಿಂತಲ್ಲೇ ಹೆಜ್ಜೆ ಹಾಕಲು ಹೇಳುತ್ತಿದ್ದರು. ಮುಂದಿನವರ ತಪ್ಪೇನೂ ಇರಲಿಲ್ಲ, ಆದರೆ ಸಾಲು ಉಳಿಯಬೇಕಾಗಿತ್ತು. ರೈಲನ್ನು ತಡೆಯುವುದೂ ಹೀಗೆಯೇ. ತಡವಾದ ರೈಲಿನ ಮುಂದಿರುವುದನ್ನು ನಿಲ್ಲಿಸಿ ಅಂತರವನ್ನು ತಗ್ಗಿಸುತ್ತಾರೆ.

ಇದರಿಂದ ಲಾಭವೆಷ್ಟು, ನಷ್ಟವೆಷ್ಟು? ಕಾಲ ಮತ್ತು ಕೆಲಸದ ಲೆಕ್ಕದಂತೆ ಜನರನ್ನು ನಿಮಿಷಗಳಿಂದ ಗುಣಿಸಿ ನೋಡೋಣ. 10 ನಿಮಿಷಕ್ಕೊಂದು ರೈಲು. ಮುಂದಿನ ನಿಲ್ದಾಣಗಳಿಗೆಲ್ಲ ಸೇರಿ ನಿಮಿಷಕ್ಕೆ 30 ಜನ ಬರುತ್ತಾರೆಂದು ಇಟ್ಟುಕೊಳ್ಳಿ. ಮೊದಲ ರೈಲು ಸರಿಯಾದ ವೇಳೆಯಲ್ಲಿದೆ, ಎರಡನೆಯದು 8 ನಿಮಿಷ ತಡ. ಆಗ ಮೊದಲ ರೈಲಿಗಾಗಿ 300 ಜನ ಸರಾಸರಿ 5 ನಿಮಿಷ ಕಾಯುತ್ತಾರೆ; ಎರಡನೆಯದಕ್ಕಾಗಿ 540 ಜನ ಸರಾಸರಿ 9 ನಿಮಿಷ ಕಾಯುತ್ತಾರೆ. ಒಟ್ಟು 6360. ಮೊದಲ ರೈಲನ್ನು 2 ನಿಮಿಷ ತಡೆದರೆ ಅಂತರಗಳು 12 ಮತ್ತು 16 ಆಗಿ ಮೊತ್ತ 6000ಕ್ಕೆ ಇಳಿಯುತ್ತದೆ, ಉಳಿತಾಯ 360. ಇನ್ನೂ 2 ನಿಮಿಷ ತಡೆದರೆ ಎರಡು ಅಂತರಗಳೂ 14 ಆಗಿ ಮೊತ್ತ 5880. ಹೊಸ ಉಳಿತಾಯ ಬರೀ 120.

ಇದರ ಬೆಲೆ ತೆರುವವರು ತಡೆದ ರೈಲಿನೊಳಗೆ ಕುಳಿತವರು. ಅಲ್ಲಿ 100 ಜನರಿದ್ದರೆ ಮೊದಲ 2 ನಿಮಿಷಗಳ ಬೆಲೆ 200, ಉಳಿತಾಯ 360, ತಡೆದದ್ದು ಸಾರ್ಥಕ. ಮುಂದಿನ 2 ನಿಮಿಷಗಳಿಗೂ ಬೆಲೆ 200, ಉಳಿತಾಯ 120, ಅದು ನಷ್ಟ. ಒಳಗೆ 300 ಜನರಿದ್ದರೆ ಮೊದಲ 2 ನಿಮಿಷಗಳಿಗೇ 600 ತೆರಬೇಕು, ತಡೆಯದಿರುವುದೇ ಲೇಸು. ತುಂಬಿದ ರೈಲಿಗೆ ಹತ್ತಲಾಗದೆ ಉಳಿಯುವವರನ್ನು ಇಲ್ಲಿ ಎಣಿಸಿಲ್ಲ. ಅವರನ್ನೂ ಸೇರಿಸಿದರೆ ತಕ್ಕಡಿ ತಡೆಯುವ ಕಡೆಗೆ ತುಸು ವಾಲುತ್ತದೆ. ಆದರೂ ನೀತಿ ಸ್ಪಷ್ಟ: ರೈಲಿನಲ್ಲಿ ಜನ ಕಡಿಮೆಯಿರುವಾಗ, ಮುಂದೆ ಕಾಯುವವರು ಹೆಚ್ಚಿರುವಾಗ, ಸ್ವಲ್ಪ ಹೊತ್ತು ಮಾತ್ರ ತಡೆಯಬೇಕು.

ಗಣಿತ ಎಲ್ಲರ ನಿಮಿಷವನ್ನೂ ಒಂದೇ ಎಂದು ಎಣಿಸುತ್ತದೆ. ಬದುಕಿನಲ್ಲಿ ಹಾಗಿರುವುದಿಲ್ಲ. ಆ 2 ನಿಮಿಷಗಳಿಂದ ಮುಂದಿನ ಬಸ್ಸು ತಪ್ಪಿಸಿಕೊಂಡವನಿಗೆ ಅದು ಅರ್ಧ ಗಂಟೆಯಾಗುತ್ತದೆ. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಅದು ಹಣವಾಗುತ್ತದೆ. ಒಳಗಿದ್ದವನ ನಷ್ಟ ಅವನ ಗಡಿಯಾರದಲ್ಲಿ ಕಾಣುತ್ತದೆ. ಮೂರು ನಿಲ್ದಾಣ ಮುಂದೆ ಲಾಭ ಪಡೆದವಳಿಗೆ ತನಗೆ ಉಪಕಾರವಾಯಿತೆಂಬುದೇ ತಿಳಿಯುವುದಿಲ್ಲ. ಆದ್ದರಿಂದಲೇ ದೂರುವವರು ಇರುತ್ತಾರೆ, ಹೊಗಳುವವರು ಇರುವುದಿಲ್ಲ. ಒಳಗಿರುವವರಿಗೆ ಕಾರಣವನ್ನೂ ಎಷ್ಟು ಹೊತ್ತೆಂಬುದನ್ನೂ ಹೇಳುವುದು, ಸುರಂಗದ ನಡುವೆ ನಿಲ್ಲಿಸದೆ ನಿಲ್ದಾಣದಲ್ಲಿ ಬಾಗಿಲು ತೆರೆದು ನಿಲ್ಲಿಸುವುದು, ಇವು ಅವರಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ. ಬಾಗಿಲು ತೆರೆದಿದ್ದರೆ ಅವಸರವಿದ್ದವನು ಇಳಿದು ನಡೆದಾದರೂ ಹೋದಾನು.

ಆದರೆ ತಡೆಯುವುದು ಔಷಧ; ಅದೇ ಊಟವಾಗಬಾರದು. ವರ್ತುಲದಲ್ಲಿ ಅದು ನಿತ್ಯದ ಊಟವೇ ಆಗಿತ್ತು. ಕೊನೆಯ ನಿಲ್ದಾಣದಲ್ಲಿ ಖಾಲಿ ರೈಲು ಕಾಯಬೇಕಾದ ಕಾಲವನ್ನು ಇಲ್ಲಿ ಜನ ತುಂಬಿದ ರೈಲು ಕಾಯುತ್ತಿತ್ತು. ಕಡೆಗೆ 2009ರ ಡಿಸೆಂಬರ್ 13ರಂದು ವರ್ತುಲವನ್ನು ಕತ್ತರಿಸಿದರು. ಅಂದಿನಿಂದ ರೈಲು ಪಶ್ಚಿಮದ ಹ್ಯಾಮರ್‌ಸ್ಮಿತ್‌ನಿಂದ ಹೊರಟು, ನಗರವನ್ನು ಒಂದು ಸುತ್ತು ಸುತ್ತಿ, ಎಡ್ಜ್‌ವೇರ್ ರೋಡ್‌ನಲ್ಲಿ ಮುಗಿದು, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. 27 ನಿಲ್ದಾಣಗಳ ಮಾರ್ಗ 36 ನಿಲ್ದಾಣಗಳದ್ದಾಯಿತು. ಗಾರ್ಡುಗಳಿಗೆ 1885ರಲ್ಲಿ ದೊರೆತ ಬಿಡುವು ರೈಲುಗಳಿಗೆ ದೊರೆಯಲು 2009 ಬರಬೇಕಾಯಿತು!

ಇದೂ ಪುಕ್ಕಟೆಯಾಗಿ ಬರಲಿಲ್ಲ. ಮೊದಲು ನೇರವಾಗಿ ಸುತ್ತಿಹೋಗುತ್ತಿದ್ದ ಕೆಲವರು ಈಗ ಎಡ್ಜ್‌ವೇರ್ ರೋಡ್‌ನಲ್ಲಿ ಇಳಿದು ರೈಲು ಬದಲಿಸಬೇಕು. ಮೆಟ್ಟಿಲು ಹತ್ತಿಳಿಯಲು ಕಷ್ಟಪಡುವ ವೃದ್ಧರಿಗೆ ಅದು ಸಣ್ಣ ಮಾತಲ್ಲ. ಆದರೆ ಈ ಕಷ್ಟ ಕಣ್ಣಿಗೆ ಕಾಣುವಂಥದ್ದು, ಮೊದಲೇ ತಿಳಿದಿರುವಂಥದ್ದು. ಅದಕ್ಕೆ ತಕ್ಕಂತೆ ಹತ್ತು ನಿಮಿಷ ಮುಂಚೆ ಮನೆ ಬಿಡಬಹುದು. ಯಾವ ದಿನ, ಎಲ್ಲಿ, ಎಷ್ಟು ಹೊತ್ತು ನಿಲ್ಲುವುದೋ ತಿಳಿಯದ ರೈಲಿಗೆ ಅಂಥ ಸಿದ್ಧತೆ ಸಾಧ್ಯವಿಲ್ಲ.

ವೇಳಾಪಟ್ಟಿ ಬರೆಯುವವರು ಬಿಡುವನ್ನು ವ್ಯರ್ಥವೆಂದು ಭಾವಿಸುವುದುಂಟು. ಬಿಡುವನ್ನು ಪಟ್ಟಿಯಿಂದ ಅಳಿಸಿದರೆ ಅದು ಮಾಯವಾಗುವುದಿಲ್ಲ, ಯಾರದೋ ಪಾಲಿಗೆ ಕಾಯುವ ಹೊತ್ತಾಗಿ ಮರಳಿ ಬರುತ್ತದೆ. ನೀವು ಕಚೇರಿ ನಡೆಸುವವರಾಗಿರಲಿ, ಮನೆ ನಡೆಸುವವರಾಗಿರಲಿ, ಇದನ್ನು ಒಮ್ಮೆ ಯೋಚಿಸಿ ನೋಡಿ. ನಿಮ್ಮ ನಿಮ್ಮ ಊರಿನ ರೈಲುಗಳ ಅನುಭವವನ್ನು ಬರೆದು ತಿಳಿಸಿದರೆ ಸಂತೋಷ.